ಮಳೆ ಬಂತು, ನೋಟಿಸೂ ಬಂತು

ಅಪಾಯ ಕಣ್ಣೆದುರಿಗಿದ್ದರೂ ಜನ ಮನೆ ಬಿಡುವುದಿಲ್ಲ ಏಕೆ? ಕೆರೆ ತೋಡಿಸುವ, ಸ್ಪ್ರಿಂಕ್ಲರ್ ಹಾಕಿಸುವ, ಬೋರ್ ಕೊರೆಸುವ ಕೈಗಳು ಗಂಟುಮೂಟೆ ಕಟ್ಟುವಾಗ ಮಾತ್ರ ತಡೆಯುವುದೇಕೆ? ಕೊಡಗಿನ ಮಳೆ ಪುಸ್ತಕದ ಪುಟಗಳಲ್ಲಿ ಅರ್ಧ ಉತ್ತರವಿದೆ. ಇನ್ನರ್ಧ ಬರೆಯ, ಅಂದರೆ ಕಡಿದಾದ ಮಣ್ಣಿನ ಇಳಿಜಾರಿನ, ಕೆಳಗಿನ ತಗಡಿನ ಮನೆಗಳಲ್ಲಿದೆ.

ಬೆಳಗ್ಗೆ ಏಳೂವರೆ. ರಾತ್ರಿಯಿಡೀ ಹೊಡೆದ ಕಕ್ಕಡ ಮಾಸದ ಮಳೆ ಈಗಷ್ಟೇ ತುಸು ಬಿಟ್ಟಿದೆ. ಕಾಫಿ ಕಣದ ಮೂಲೆಯಲ್ಲಿ ಮೊಣಕಾಲೆತ್ತರದ ಸಿಮೆಂಟು ಕಟ್ಟೆ, ಅದರ ಮೇಲೆ ಮಳೆಮಾಪಕ. ತೋಟದ ರೈಟರು ಕೊಡೆಯ ಹಿಡಿಯನ್ನು ಕತ್ತಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಬಗ್ಗುತ್ತಾರೆ. ಮೇಲಿನ ಆಲಿಕೆ ತೆಗೆದು, ಒಳಗಿನ ಡಬ್ಬಿಯ ನೀರನ್ನು ಅಳತೆಯ ಗಾಜಿಗೆ ಬಗ್ಗಿಸುತ್ತಾರೆ. ಗಾಜು ತುಂಬಿತು, ಚೆಲ್ಲಿದರು. ಮತ್ತೆ ತುಂಬಿತು, ಮತ್ತೆ ಚೆಲ್ಲಿದರು. ಐದನೆಯ ಸಲ ಗಾಜು ಅರ್ಧಕ್ಕೂ ಬರಲಿಲ್ಲ. ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದಿದರು: ನಾಲ್ಕು ಇಂಚು ಮೂವತ್ತು.

ಜಗಲಿಯ ಮೇಜಿನ ಮೇಲೆ ಉದ್ದನೆಯ ಲೆಡ್ಜರು. ಎಡಕ್ಕೆ ತಾರೀಖು, ಮೇಲೆ ತಿಂಗಳು, ಮನೆ ಮನೆಗೆ ಬಿದ್ದ ನೀಲಿ ಶಾಯಿಯ ಅಂಕಿ. ಹಳೆಯ ಪುಟಗಳ ಅಂಚನ್ನು ಹುಳ ತಿಂದಿದೆ. ಬರೆಯುವ ಕೈ ಮೂರು ಸಲ ಬದಲಾಗಿದೆ, ಬರೆಯುವ ಕ್ರಮ ಬದಲಾಗಿಲ್ಲ. ಕೊಡಗಿನಲ್ಲಿ ಇಂಥ ಪುಸ್ತಕವಿಲ್ಲದ ದೊಡ್ಡ ತೋಟ ಸಿಗುವುದು ಕಷ್ಟ.

ರೈಟರು ಬರೆದು ಮುಗಿಸುವ ಮೊದಲೇ ಯಜಮಾನರ ಫೋನು ಟಿಣ್ ಎನ್ನತೊಡಗುತ್ತದೆ. ‘ಎಷ್ಟಾಯ್ತು?’ ಕೊಡಗಿನ ಮಳೆಗಾಲದ ಬೆಳಗು ಶುರುವಾಗುವುದೇ ಈ ಒಂದು ಮಾತಿನಿಂದ. ನಾಪೋಕ್ಲಿನಿಂದ ಒಂದು ಅಂಕಿ, ಮಾದಾಪುರದಿಂದ ಇನ್ನೊಂದು, ಭಾಗಮಂಡಲದಿಂದ ಎಲ್ಲಕ್ಕಿಂತ ದೊಡ್ಡದು. ಹತ್ತು ನಿಮಿಷದಲ್ಲಿ ಇಡೀ ಜಿಲ್ಲೆಯ ಮಳೆ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದು ಕೂರುತ್ತದೆ.

ಕಣದ ಅಂಚಿನಿಂದ ಕೆಳಗೆ ನೋಡಿದರೆ ಬರೆ. ಬರೆಯ ಮೈಗೆ ಅಂಟಿಕೊಂಡಂತೆ ಹತ್ತು ಹನ್ನೊಂದು ಮನೆಗಳು. ತಗಡಿನ ಮಾಡು, ಅದರ ಮೇಲೆ ನೀಲಿ ಟಾರ್ಪಾಲು, ಟಾರ್ಪಾಲು ಹಾರದಂತೆ ಹಳೆಯ ಟಯರು. ಪೈಸಾರಿಯ, ಅಂದರೆ ಸರ್ಕಾರಿ ಪಾಳು ಜಾಗದ, ಮನೆಗಳು. ಅಲ್ಲಿಯ ಯಾರೂ ಆ ವಾಟ್ಸ್‌ಆ್ಯಪ್ ಗುಂಪಿನಲ್ಲಿಲ್ಲ.

ಕ್ಯಾಲೆಂಡರಿನ ಹಿಂದಿನ ಕಾಗದ

ಅದರಲ್ಲೊಂದು ಮನೆಯೊಳಗೆ ಹೋಗಿ ಕೂತೆ. ಗೋಡೆಯ ಕ್ಯಾಲೆಂಡರಿನ ಹಿಂದೆ ನಾಲ್ಕು ಮಡಿಕೆಯ ಕಾಗದವೊಂದು ಸಿಕ್ಕಿಸಿತ್ತು. ‘ಈ ವರ್ಷದ್ದು’ ಎಂದರು ಮನೆಯಾಕೆ. ಅದರ ಹಿಂದೆ ಹೋದ ವರ್ಷದ್ದು, ಅದರ ಹಿಂದೆ ಅದಕ್ಕೂ ಹಿಂದಿನದು. ಮಾತು ಮೂರರಲ್ಲೂ ಒಂದೇ: ನಿಮ್ಮ ಮನೆ ಅಪಾಯದ ಜಾಗದಲ್ಲಿದೆ, ಮಳೆಗಾಲ ಮುಗಿಯುವವರೆಗೆ ಸುರಕ್ಷಿತ ಸ್ಥಳಕ್ಕೆ ಹೋಗಿ.

ಮಡಿಕೇರಿಯ ಇಂದಿರಾನಗರ, ಚಾಮುಂಡೇಶ್ವರಿನಗರದಂಥ ಇಳಿಜಾರಿನ ಬಡಾವಣೆಗಳಿಗೂ, ಸಿದ್ದಾಪುರದ ಬಳಿಯ ಕರಡಿಗೋಡಿನಂಥ ಕಾವೇರಿ ದಡದ ಊರುಗಳಿಗೂ ಮುಂಗಾರಿನ ಜೊತೆ ಜೊತೆಗೇ ಇಂಥ ನೋಟಿಸು ಬರುತ್ತದೆ. ಕೆಲವರು ನೆಂಟರ ಮನೆಗೆ ಹೋಗುತ್ತಾರೆ. ಬಹಳ ಮಂದಿ ಹೋಗುವುದಿಲ್ಲ. ಮರುದಿನ ಪೇಟೆಯಲ್ಲಿ ಮಾತು ಕೇಳಿಬರುತ್ತದೆ: ‘ಎಷ್ಟು ಹೇಳಿದರೂ ಈ ಜನಕ್ಕೆ ಅರಿವಿಲ್ಲ.’

ಆ ಮಾತನ್ನು ನಾನು ಒಪ್ಪುವುದಿಲ್ಲ. ಆ ಮನೆಯಾಕೆಗೆ ಯಾವ ರಾತ್ರಿ ಯಾವ ದಿಕ್ಕಿನಿಂದ ನೀರಿಳಿಯುತ್ತದೆ ಎಂದು ಗೊತ್ತು. ಹಿಂಬದಿಯ ಬರೆಯಲ್ಲಿ ಹೊಸ ಒರತೆ ಎದ್ದರೆ, ಒರತೆಯ ನೀರು ಕೆಂಪಾದರೆ ಏನರ್ಥ ಎಂದು ಗೊತ್ತು. ಗೋಡೆಯ ಬಿರುಕಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ ಬೆಳೆಯುತ್ತಿದೆಯೇ ಎಂದು ನೋಡುತ್ತಿದ್ದರು. ಬಾಗಿಲ ಹಿಂದಿನ ಮೊಳೆಯಲ್ಲಿ ಪ್ಲಾಸ್ಟಿಕ್ ಚೀಲ ನೇತಾಡುತ್ತಿತ್ತು: ಪಡಿತರ ಚೀಟಿ, ಆಧಾರ್, ಮಗಳ ಅಂಕಪಟ್ಟಿ, ಹಕ್ಕುಪತ್ರಕ್ಕೆ ಕೊಟ್ಟ ಅರ್ಜಿಯ ನಕಲು. ಅಪಾಯದ ಬಗ್ಗೆ ನಾವು ಪೇಟೆಯಲ್ಲಿ ಕೂತು ಬರೆಯುವುದಕ್ಕಿಂತ ಹೆಚ್ಚಿನ ಅರಿವು ಆ ಒಂದು ಮೊಳೆಗೆ ನೇತುಬಿದ್ದಿತ್ತು.

---
ಬಾಕ್ಸ್: ಇಂಚು, ಸೆಂಟು, ಅಲರ್ಟು

ಕೊಡಗಿನ ತೋಟಗಳಲ್ಲಿ ಮಳೆ ಇಂದಿಗೂ ಇಂಚು, ಸೆಂಟಿನಲ್ಲಿ. 100 ಸೆಂಟಿಗೆ ಒಂದು ಇಂಚು. ಒಂದು ಇಂಚಿಗೆ 25.4 ಮಿಲಿಮೀಟರ್.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ದಾಟಿದರೆ ‘ಭಾರಿ’ (ಸುಮಾರು ಎರಡೂವರೆ ಇಂಚು), 115.6 ದಾಟಿದರೆ ‘ಅತಿ ಭಾರಿ’ (ನಾಲ್ಕೂವರೆ), 204.4 ಮೀರಿದರೆ ‘ಅತ್ಯಂತ ಭಾರಿ’ (ಎಂಟು).

ಭಾಗಮಂಡಲದ ಕಡೆ ವರ್ಷಕ್ಕೆ 200 ಇಂಚು ದಾಟುವುದು ಹೊಸದಲ್ಲ. ಅದೇ ಜಿಲ್ಲೆಯ ಕುಶಾಲನಗರದ ಬಯಲಿಗೆ ಬಂದರೆ 40 ಇಂಚಿನ ಆಸುಪಾಸು.
---

ಅಜ್ಜನ ಕಾಲದ ಮಳೆ

‘ನಮ್ಮಜ್ಜನ ಕಾಲದಲ್ಲಿ ಇದಕ್ಕಿಂತ ಜೋರು ಮಳೆ ಬರ್ತಿತ್ತು. ಹದಿನೈದು ದಿನ ಸೂರ್ಯ ಕಾಣ್ತಿರಲಿಲ್ಲ.’ ಕೊಡಗಿನಲ್ಲಿ ಯಾವ ಜಗಲಿಯಲ್ಲಿ ಕೂತರೂ ಈ ಮಾತು ಬರುತ್ತದೆ. ಲೆಡ್ಜರು ತೆಗೆದು ನೋಡಿದರೆ ಮಾತು ಸುಳ್ಳಲ್ಲ. ವರ್ಷದ ಒಟ್ಟು ಮಳೆ ಆಗಲೂ ಇಷ್ಟೇ ಇತ್ತು, ಕೆಲವು ವರ್ಷ ಹೆಚ್ಚೇ ಇತ್ತು.

ಆದರೆ ಬೆರಳನ್ನು ಪುಟದಲ್ಲಿ ಮೇಲಿನಿಂದ ಕೆಳಕ್ಕೆ ಸರಿಸುತ್ತ ಬಂದರೆ ಬೇರೊಂದು ಕಾಣುತ್ತದೆ. ಹಳೆಯ ಪುಟದಲ್ಲಿ ಜೂನ್ ಮೊದಲ ವಾರದಿಂದ ದಿನ ತಪ್ಪದೆ ಒಂದು ಇಂಚು, ಒಂದೂವರೆ, ಎರಡು. ಮನೆಗಳೆಲ್ಲ ತುಂಬಿವೆ. ಈಚಿನ ಪುಟದಲ್ಲಿ ಖಾಲಿ ಮನೆಗಳು, ಸಣ್ಣ ಗೆರೆಗಳು, ಇದ್ದಕ್ಕಿದ್ದಂತೆ ಆಗಸ್ಟಿನ ಮೂರ್ನಾಲ್ಕು ದಿನ ಎರಡಂಕಿಯ ಹತ್ತಿರ. ಒಟ್ಟು ಮಳೆ ಅಷ್ಟೇ, ಬೀಳುವುದು ಒಟ್ಟೊಟ್ಟಿಗೆ. ಮಣ್ಣಿಗೆ ಕುಡಿಯಲು ಬಿಡುವಿಲ್ಲ.

ಇದು ಒಂದು ತೋಟದ ಕಥೆಯಷ್ಟೇ ಆಗಿ ಉಳಿದಿಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಮಧ್ಯಭಾರತದ ಲೆಕ್ಕ ಕೊಟ್ಟರು: 1950ರಿಂದ 2015ರ ನಡುವೆ ವಿಶಾಲ ಪ್ರದೇಶದ ಮೇಲೆ ಸುರಿಯುವ ವಿಪರೀತ ಮಳೆಯ ಪ್ರಸಂಗಗಳು ಮೂರು ಪಟ್ಟಾಗಿವೆ. ಬಿಸಿಯಾಗುತ್ತಿರುವ ಅರಬ್ಬಿ ಸಮುದ್ರ ಮಳೆಮಾರುತಕ್ಕೆ ಹೆಚ್ಚು ತೇವ ತುಂಬಿ ಕಳಿಸುತ್ತಿದೆ.

2018ರ ಆಗಸ್ಟ್ ಮಧ್ಯದಲ್ಲಿ ಆ ತೇವ ಕೊಡಗಿನ ಬೆಟ್ಟಗಳ ಮೇಲೆ ಇಳಿಯಿತು. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು. ಹೆಸರು ಕೇಳಿದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ಗದ್ದೆ, ತೋಟ, ರಸ್ತೆ, ಮನೆ ಎಲ್ಲ ಒಂದೇ ಕೆಸರಾಗಿ ಕಣಿವೆಗಿಳಿದವು. ಸುಮಾರು 20 ಜೀವ ಹೋದವು, ಸಾವಿರಾರು ಜನ ಪರಿಹಾರ ಕೇಂದ್ರ ಸೇರಿದರು. ಮರುವರ್ಷ ಆಗಸ್ಟಿನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ ಗ್ರಾಮದ ಸರದಿ. ಅದರ ಮರುವರ್ಷ, 2020ರ ಆಗಸ್ಟಿನಲ್ಲಿ, ತಲಕಾವೇರಿಯ ಬ್ರಹ್ಮಗಿರಿಯೇ ಜರಿಯಿತು.

ಮೊದಲ ವರ್ಷ ಜನ ಕಾರಣ ಹುಡುಕಿದ ರೀತಿ ನೆನಪಿದೆ. ಜುಲೈಯಲ್ಲಿ ನೆಲ ಸಣ್ಣಗೆ ನಡುಗಿತ್ತು, ಅದಕ್ಕೇ ಆಯಿತು ಎಂದರು ಕೆಲವರು. ಹಾರಂಗಿ ಜಲಾಶಯದ ನೀರಿನ ಒತ್ತಡ ಎಂದರು ಇನ್ನು ಕೆಲವರು. ನೆಲದೊಳಗಿಂದ ನೀರು ಚಿಮ್ಮಿದ್ದನ್ನು ಕಂಡವರು ‘ಜಲಸ್ಫೋಟ’ ಎಂದರು. ಭೂವಿಜ್ಞಾನಿಗಳು ಬಂದು ಬೊಟ್ಟು ಮಾಡಿದ್ದು ವಿಪರೀತ ಮಳೆಯ ಕಡೆಗೆ ಮತ್ತು ರಸ್ತೆಗೆಂದು, ಮನೆಗೆಂದು ಕಡಿದಾಗಿ ಕೊರೆದ ಬರೆಗಳ ಕಡೆಗೆ. ಆ ಉತ್ತರ ಕೇಳಲು ಕಷ್ಟ. ನಡುಕವೋ ಅಣೆಕಟ್ಟೋ ಆದರೆ ನಾವು ಮಾಡಬೇಕಾದ್ದು ಏನೂ ಇಲ್ಲ. ಬರೆ ಕಡಿದದ್ದು ಕಾರಣವಾದರೆ ನಾಳೆ ಜೆಸಿಬಿ ಕರೆಸುವ ಮುನ್ನ ಯೋಚಿಸಬೇಕಾಗುತ್ತದೆ. ತಪ್ಪಿನ ಭಾರ ಕಡಿಮೆಯಿರುವ ವಿವರಣೆಯ ಕಡೆಗೆ ಮನಸ್ಸು ಸಹಜವಾಗಿ ವಾಲುತ್ತದೆ.

ನೆನಪಿಗೂ ಆಯಸ್ಸಿದೆ. ಅಮೆರಿಕದಲ್ಲಿ ನೆರೆ ವಿಮೆ ಕೊಂಡವರ ಲೆಕ್ಕವನ್ನು ಸಂಶೋಧಕ ಹೋವರ್ಡ್ ಕುನ್ರಾಯ್ಥರ್ ಮತ್ತು ಸಂಗಡಿಗರು ತೆಗೆದಾಗ ಕಂಡದ್ದು ಇದು: ಜನ ವಿಮೆಯನ್ನು ಸಾಮಾನ್ಯವಾಗಿ ಇಟ್ಟುಕೊಳ್ಳುವುದು ಎರಡರಿಂದ ನಾಲ್ಕು ವರ್ಷ. ಮನೆ ಅದೇ, ನದಿ ಅದೇ. ಎರಡು ಮಳೆಗಾಲ ಏನೂ ಆಗದೆ ಕಳೆದರೆ ಕಟ್ಟಿದ ಹಣ ವ್ಯರ್ಥವೆನಿಸುತ್ತದೆ. 2019, 2020ರ ಮಳೆಗಾಲದಲ್ಲಿ ನಿದ್ದೆ ಬಿಟ್ಟ ಕೊಡಗು ಆಮೇಲಿನ ವರ್ಷಗಳಲ್ಲಿ ಮತ್ತೆ ಬರೆ ಸವರಿ ಹೋಂಸ್ಟೇ ಕಟ್ಟಿತು. ತಡೆಗೋಡೆ ಎದ್ದಲ್ಲಿ ಧೈರ್ಯ ಇನ್ನೂ ಹೆಚ್ಚಿತು. ನದಿಗೆ ಏರಿ ಕಟ್ಟಿದಷ್ಟೂ ಅದರ ನೆರಳಿನಲ್ಲಿ ಮನೆಗಳು ಹೆಚ್ಚುತ್ತವೆ, ಏರಿ ಒಡೆದ ದಿನ ನಷ್ಟವೂ ಹೆಚ್ಚುತ್ತದೆ ಎಂದು ಗಿಲ್ಬರ್ಟ್ ವೈಟ್ ಎಂಬ ಭೂಗೋಳಜ್ಞ 1940ರ ದಶಕದಲ್ಲೇ ತೋರಿಸಿಕೊಟ್ಟಿದ್ದರು.

ಸುಮ್ಮನೆ ಕೂತವರು ಯಾರೂ ಇಲ್ಲ

ಹಾಗೆಂದು ಕೊಡಗಿನವರು ಹವೆ ಬದಲಾದದ್ದನ್ನು ಕಂಡೂ ಕಾಣದಂತಿದ್ದಾರೆ ಎಂದರೆ ಅದು ದೊಡ್ಡ ತಪ್ಪು. ಅವರಷ್ಟು ಕೈ ಆಡಿಸಿದವರು ಕಡಿಮೆ.

ಕಾಫಿಗೆ ಹೂಮಳೆ ಬೇಕು. ಫೆಬ್ರವರಿ–ಮಾರ್ಚಿನಲ್ಲಿ ಒಂದು ಇಂಚು ಬಿದ್ದರೆ ಎಂಟು–ಹತ್ತು ದಿನದಲ್ಲಿ ರೊಬಸ್ಟಾ ತೋಟ ಮಲ್ಲಿಗೆಯ ಹಾಗೆ ಬಿಳಿಯಾಗಿ ಘಮಘಮಿಸುತ್ತದೆ. ಆಮೇಲೆ ಕಾಯಿ ನಿಲ್ಲಲು ಇನ್ನೊಂದು ಮಳೆ, ಬ್ಯಾಕಿಂಗ್ ಮಳೆ. ಇವೆರಡೂ ಸಮಯಕ್ಕೆ ಬರುತ್ತವೆಂಬ ನಂಬಿಕೆ ಹೋಗಿ ಬಹಳ ಕಾಲವಾಯಿತು. ಹಾಗಾಗಿ ಸ್ಪ್ರಿಂಕ್ಲರ್ ಬಂತು. ಸ್ಪ್ರಿಂಕ್ಲರಿಗೆ ನೀರು ಬೇಕೆಂದು ತೋಟದ ತಗ್ಗಿನಲ್ಲಿ ಕೆರೆ ತೋಡಿಸಿದರು. ಕೊಯ್ಲಿನ ದಿನಗಳಲ್ಲಿ ಅಕಾಲಿಕ ಮಳೆ ಬಂದು ಕಣದಲ್ಲಿ ಹಣ್ಣು ಕೊಳೆಯತೊಡಗಿದಾಗ ಒಣಗಿಸುವ ಯಂತ್ರ ತಂದರು. ಬಿಸಿ ಹೆಚ್ಚಿ ಬಿಳಿ ಕಾಂಡಕೊರಕದ ಕಾಟ ತಡೆಯಲಾರದೆ ಅರೇಬಿಕಾ ಕಿತ್ತು ರೊಬಸ್ಟಾ ನೆಟ್ಟವರಿದ್ದಾರೆ. ಯಾವ ಸರ್ಕಾರವೂ ಹೇಳದೆ, ಯಾವ ಅಂತರರಾಷ್ಟ್ರೀಯ ಸಮ್ಮೇಳನದ ನಿರ್ಣಯವೂ ಇಲ್ಲದೆ ಆದ ಕೆಲಸ ಇದು.

ಒಂದೊಂದೂ ಬುದ್ಧಿವಂತಿಕೆಯ ಕೆಲಸ. ಎಲ್ಲವನ್ನೂ ಒಟ್ಟು ಸೇರಿಸಿ ನೋಡಿದಾಗ ಕಳವಳವಾಗುತ್ತದೆ. ಎಲ್ಲರ ಪಂಪೂ ಮಾರ್ಚಿನಲ್ಲೇ ಓಡುತ್ತದೆ, ತೊರೆ ಬತ್ತುವ ಮಾರ್ಚಿನಲ್ಲೇ. ಇಳಿಜಾರಿನಲ್ಲಿ ತೋಡಿದ ಕೆರೆ ಮಳೆಗಾಲದಲ್ಲಿ ಬೆಟ್ಟದ ಹೊಟ್ಟೆಗೆ ನೀರು ಇಳಿಸುತ್ತದೆ. ಬಿಸಿಲಿಗೆಂದು ಮಾಡಿದ ಮದ್ದು ಮಳೆಗೆ ವಿಷವಾಗಬಹುದು.

ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಹೊಲಗಳಲ್ಲಿ ಮಳೆ ಕೈಕೊಟ್ಟಾಗಲೆಲ್ಲ ರೈತ ಮಾಡಿದ್ದು ಒಂದೇ: ಪಾಯಿಂಟ್ ಮಾಡಿಸುವುದು, ಬೋರ್ ಲಾರಿ ಕರೆಸುವುದು. ಪಕ್ಕದವನದು ಆರುನೂರು ಅಡಿ ಎಂದರೆ ನನ್ನದು ಎಂಟುನೂರು, ಆಮೇಲೆ ಸಾವಿರ, ಸಾವಿರದೈನೂರು. ಎರಡಿಂಚು ನೀರು ಬಿದ್ದ ಸಂಜೆ ಪೂಜೆ ಮಾಡಿ ಸಿಹಿ ಹಂಚಿದ ಮನೆಯಲ್ಲೇ ಮೂರು ವರ್ಷದ ನಂತರ ‘ಬೋರ್ ಫೇಲಾಯ್ತು’ ಎಂದು ಸಾಲದ ಚೀಟಿ ಹಿಡಿದು ಕೂತದ್ದನ್ನು ಕಂಡಿದ್ದೇನೆ.

ಬೆಂಗಳೂರು ಕೂಡ ಹಾಗೇ. 2024ರ ಮಾರ್ಚಿನಲ್ಲಿ ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ ₹5,000 ದಂಡ ಬಂತು, ನಲ್ಲಿಗಳಿಗೆ ನೀರುಳಿಸುವ ಜಾಲರಿ ಬಂತು, ಟ್ಯಾಂಕರಿಗೆ ದರ ನಿಗದಿಯಾಯಿತು. ಮಳೆನೀರು ಕೊಯ್ಲು ಕಡ್ಡಾಯವಾಗಿದ್ದು 2009ರಲ್ಲಿ. ಆ ಹದಿನೈದು ವರ್ಷ ಎಷ್ಟು ಮಾಡುಗಳ ನೀರು ನೇರ ಚರಂಡಿಗೆ ಹೋಯಿತು ಎಂದು ತಿಳಿಯಲು ನಮ್ಮ ನಮ್ಮ ಮನೆಯ ಪೈಪನ್ನು ನೋಡಿದರೆ ಸಾಕು.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞೆ ಎಲ್ಕೆ ವೆಬರ್ ಅವರು ಈ ಸ್ವಭಾವದ ಬಗ್ಗೆ ಬಹುಕಾಲ ಕೆಲಸ ಮಾಡಿದವರು. ಅಪಾಯದ ಮುಂದೆ ಮನುಷ್ಯ ಒಂದು ಕೆಲಸ ಮಾಡುತ್ತಾನೆ, ಅಷ್ಟಕ್ಕೆ ಎದೆ ಹಗುರಾಗುತ್ತದೆ, ಎರಡನೆಯದಕ್ಕೆ ಕೈ ಹಾಕುವುದಿಲ್ಲ ಎನ್ನುತ್ತಾರೆ. ಅರ್ಜೆಂಟೀನಾದ ಹುಲ್ಲುಬಯಲಿನ ರೈತರನ್ನು ಅವರ ತಂಡ ಕೇಳಿದಾಗ, ಹೊಲದಲ್ಲೇ ಧಾನ್ಯ ಕೂಡಿಡಲು ಅನುಕೂಲವಿದ್ದವರು ನೀರಾವರಿ, ಬೆಳೆ ವಿಮೆಯ ಕಡೆ ಅಷ್ಟಾಗಿ ಹೋಗಿರಲಿಲ್ಲ. ಒಂದು ಕಣಜ ಇತ್ತಲ್ಲ, ಅದು ಸಾಕೆನಿಸಿತ್ತು.

ಮನಸ್ಸಿನ ಚಿಂತೆಯ ಬುಟ್ಟಿ ಸಣ್ಣದು ಎಂಬುದು ಅವರ ಇನ್ನೊಂದು ಮಾತಿನ ಸಾರ. ಹೊಸ ಚಿಂತೆ ಬಂದರೆ ಹಳೆಯದು ಹೊರಬೀಳುತ್ತದೆ. ಪೈಸಾರಿಯ ಮನೆಯಾಕೆಯ ಬುಟ್ಟಿಯಲ್ಲಿ ಆಗಲೇ ಸಂಘದ ಕಂತು, ಗಂಡನ ಕೆಮ್ಮು, ಮಗಳ ಕಾಲೇಜು ಫೀಸು ಇತ್ತು. ಬರೆ ಜರಿಯಬಹುದೆಂಬುದು ಅದರ ಮೇಲೆ.

ಕೋಳಿ, ಕೂಲಿ, ಹಕ್ಕುಪತ್ರ

‘ಹೋಗಬಹುದಲ್ಲ?’ ಎಂದು ನಾನೂ ಕೇಳಿದೆ. ಕೇಳಿದ್ದಕ್ಕೆ ಆಕೆ ಸಿಟ್ಟಾಗಲಿಲ್ಲ. ಒಂದೊಂದಾಗಿ ಹೇಳಿದರು.

ಪರಿಹಾರ ಕೇಂದ್ರ ಪೇಟೆಯಲ್ಲಿ. ಅಲ್ಲಿಂದ ತೋಟಕ್ಕೆ ಬಸ್ಸು ಹಿಡಿದು ಬರುವಷ್ಟರಲ್ಲಿ ಹಾಜರಿ ಮುಗಿದಿರುತ್ತದೆ, ಆ ದಿನದ ಕೂಲಿ ಹೋಯಿತು. ಮಳೆಗಾಲವೆಂದರೆ ಮೊದಲೇ ಕೆಲಸ ಕಡಿಮೆ. ಮನೆಯಲ್ಲಿ ಆರು ಕೋಳಿ, ಎರಡು ಮೇಕೆ. ಕೇಂದ್ರಕ್ಕೆ ಅವನ್ನು ಬಿಡುವುದಿಲ್ಲ, ಇಲ್ಲಿ ಬಿಟ್ಟರೆ ನರಿ ಬಿಡುವುದಿಲ್ಲ. ವಯಸ್ಸಾದ ಅತ್ತೆಗೆ ಸಾಲುಗಟ್ಟಿ ನಿಲ್ಲುವ ಶೌಚಾಲಯದ ಹೆದರಿಕೆ. ಬೆಳೆದ ಮಗಳನ್ನು ಹತ್ತಾರು ಮನೆಯವರ ನಡುವೆ ಮಲಗಿಸುವ ಹೆದರಿಕೆ.

ಕೊನೆಗೆ ದನಿ ತಗ್ಗಿಸಿ ಹೇಳಿದ್ದು: ‘ಜಾಗಕ್ಕೆ ಅರ್ಜಿ ಹಾಕಿದ್ದೇವೆ. ಮೂರು ತಿಂಗಳು ಬೀಗ ಹಾಕಿದರೆ, ಇಲ್ಲಿ ಯಾರೂ ಇಲ್ಲ ಅಂತ ಬರೆದುಬಿಟ್ಟರೆ?’

ನನಗೆ ಅಲ್ಲಿ ಮಾತು ನಿಂತುಹೋಯಿತು. ನೋಟಿಸಿನ ಕಾಗದ ಜೀವದ ಬಗ್ಗೆ ಮಾತಾಡುತ್ತದೆ. ಆಕೆಯ ಲೆಕ್ಕದಲ್ಲಿ ಜರಿಯುವ ಬರೆ ಒಂದು ‘ಇರಬಹುದು’. ಹೋದರೆ ಕಳೆಯುವ ಕೂಲಿ, ಕೋಳಿ, ಹಕ್ಕು ಎಲ್ಲವೂ ಖಚಿತ. ಖಚಿತ ನಷ್ಟವನ್ನೂ ಬರಬಹುದಾದ ನಷ್ಟವನ್ನೂ ತಕ್ಕಡಿಯಲ್ಲಿಟ್ಟಾಗ ಮನುಷ್ಯ ಎರಡನೆಯದರ ಜೊತೆ ಜೂಜಿಗೆ ಇಳಿಯುತ್ತಾನೆ. ಹಾಗೆ ಮಾಡುವವರು ಬಡವರಷ್ಟೇ ಅಲ್ಲ.

ಎಕರೆಗಟ್ಟಲೆ ತೋಟವಿರುವವರೂ ಅದನ್ನೇ ಮಾಡಿದ್ದಾರೆ. ಪಶ್ಚಿಮಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು, ಕಸ್ತೂರಿರಂಗನ್ ಸಮಿತಿ 2013ರಲ್ಲಿ. ಅದರ ಆಧಾರದ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಜಾಗ ಸೂಕ್ಷ್ಮ ಪ್ರದೇಶವೆಂದು ಗುರುತಾಗಿತ್ತು. ಊರೂರಲ್ಲಿ ವಿರೋಧ ಎದ್ದಿತು. ನೆರೆಯ ವಯನಾಡಿನಲ್ಲಿ ಬೆಟ್ಟ ಜರಿದು ಎರಡು ತಿಂಗಳೂ ತುಂಬದೆ, 2024ರ ಸೆಪ್ಟೆಂಬರಿನಲ್ಲಿ, ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಅದು ಸರಿಯಾದ ನಿರ್ಧಾರವೆಂದು ನನಗೆ ಅನಿಸಿಲ್ಲ. ಆದರೆ ವಿರೋಧಿಸಿದ ರೈತನನ್ನು ಕಾಡಿನ ಶತ್ರು ಎನ್ನಲೂ ಮನಸ್ಸು ಒಪ್ಪದು. ನಕ್ಷೆಯ ಮೇಲೆ ಬಣ್ಣ ಬಳಿದವರು ಅವನ ಜಗಲಿಗೆ ಬಂದು, ನಿನ್ನ ಕೈಯಲ್ಲಿ ಏನೇನು ಉಳಿಯುತ್ತದೆ ಎಂದು ಕನ್ನಡದಲ್ಲಿ ಕೂತು ಹೇಳಲಿಲ್ಲ. ಹೋಗುವುದರ ಪಟ್ಟಿ ಮಾತ್ರ ಅವನಿಗೆ ಮುಟ್ಟಿತು, ಅದೂ ಗಾಳಿಮಾತಾಗಿ.

ಒಡಿಶಾದವರು ಹೇಗೆ ಎದ್ದು ಹೊರಟರು?

ಮನೆ ಬಿಡದ ಜನ ಮನೆ ಬಿಡುವ ಜನರಾದ ಕಥೆ ನಮ್ಮ ದೇಶದಲ್ಲೇ ಇದೆ.

1999ರ ಅಕ್ಟೋಬರ್ 29. ಒಡಿಶಾದ ಕರಾವಳಿಗೆ ಮಹಾ ಚಂಡಮಾರುತ ಅಪ್ಪಳಿಸಿತು. ಎರಡು ವಾರದ ಹಿಂದಷ್ಟೇ ಗಂಜಾಂ ಕಡೆಗೆ ಇನ್ನೊಂದು ಬಂದು ಹೋಗಿತ್ತು. ಹೋಗಲು ಗಟ್ಟಿ ಕಟ್ಟಡಗಳು ಬೆರಳೆಣಿಕೆಯಷ್ಟಿದ್ದವು. ಮನೆಯಲ್ಲೇ ಉಳಿದ ಸುಮಾರು 10,000 ಜನ ಸತ್ತರು.

2013ರ ಅಕ್ಟೋಬರಿನಲ್ಲಿ ಫೈಲಿನ್ ಚಂಡಮಾರುತ ಬಂದಾಗ ಹತ್ತು ಲಕ್ಷದ ಹತ್ತಿರ ಜನ ಎದ್ದು ಹೊರಟರು. 2019ರ ಮೇಯಲ್ಲಿ ಫೋನಿ ಬಂದಾಗ ಸುಮಾರು 12 ಲಕ್ಷ ಜನ. ಸಮುದ್ರ ಅದೇ, ಬಡತನವೂ ಹೆಚ್ಚು ಕಡಿಮೆ ಅದೇ.

ನಡುವೆ ಬದಲಾದದ್ದು ನಡೆದು ಹೋಗುವಷ್ಟು ಹತ್ತಿರದ ಆಶ್ರಯಮನೆ. ಉಳಿದ ದಿನಗಳಲ್ಲಿ ಅದೇ ಶಾಲೆ, ಅದೇ ಊರ ಸಭೆಯ ಜಾಗ, ಹಾಗಾಗಿ ಅಪರಿಚಿತ ಕಟ್ಟಡವೆನಿಸುವುದಿಲ್ಲ. ಕೆಲವೆಡೆ ದನಕರುವಿಗೂ ಎತ್ತರದ ಜಾಗ ಮಾಡಿದರು. ಬಾಗಿಲು ತಟ್ಟುವವರು ಊರಿನದೇ ತರಬೇತಿ ಪಡೆದ ಹುಡುಗ ಹುಡುಗಿಯರು. ವರ್ಷ ವರ್ಷ ಅಣಕು ಕವಾಯತು ನಡೆಯುತ್ತದೆ. ಗಾಳಿಯಿಲ್ಲದ ದಿನವೂ ಒಮ್ಮೆ ನಡೆದು ನೋಡಿದ ದಾರಿಯಲ್ಲಿ ಗಾಳಿಯ ರಾತ್ರಿ ಕಾಲು ತಾನೇ ಹೋಗುತ್ತದೆ.

ನಮ್ಮಲ್ಲಿ ‘ರೆಡ್ ಅಲರ್ಟ್’ ಎಂದೊಡನೆ ಮೊದಲು ಏಳುವ ಪ್ರಶ್ನೆ ‘ನಾಳೆ ಶಾಲೆಗೆ ರಜೆಯಾ?’ ಎಂಬುದು. ಮಕ್ಕಳ ತಪ್ಪಲ್ಲ ಅದು. ಆ ಬಣ್ಣ ಬಂದಾಗ ಮಾಡಬೇಕಾದ ಬೇರೆ ಕೆಲಸವನ್ನು ಯಾರೂ ಅವರಿಗೆ ಅಭ್ಯಾಸ ಮಾಡಿಸಿಲ್ಲ.

---
ಬಾಕ್ಸ್: ಎರಡು ದಶಕ, ಒಂದೇ ಕರಾವಳಿ

1999, ಮಹಾ ಚಂಡಮಾರುತ: ಸುಮಾರು 10,000 ಸಾವು. ಅದೇ ವರ್ಷ ಒಡಿಶಾ ಸರ್ಕಾರ ವಿಪತ್ತು ನಿರ್ವಹಣೆಗೆಂದೇ ಪ್ರತ್ಯೇಕ ಪ್ರಾಧಿಕಾರ ಸ್ಥಾಪಿಸಿತು.

2019, ಫೋನಿ: ಸುಮಾರು 12 ಲಕ್ಷ ಜನರ ಸ್ಥಳಾಂತರ, ಒಡಿಶಾದಲ್ಲಿ 64 ಸಾವು.

ಬಿಸಿಲಿಗೂ ಇದೇ ದಾರಿ: 2010ರ ಮೇಯಲ್ಲಿ ಅಹಮದಾಬಾದಿನಲ್ಲಿ ಉಷ್ಣಾಂಶ 46.8 ಡಿಗ್ರಿ ಮುಟ್ಟಿತು. ಆ ತಿಂಗಳು 1,300ಕ್ಕೂ ಹೆಚ್ಚು ಹೆಚ್ಚುವರಿ ಸಾವು ಸಂಭವಿಸಿದವು. 2013ರಲ್ಲಿ ಆ ನಗರ ದಕ್ಷಿಣ ಏಷ್ಯಾದ ಮೊದಲ ಬಿಸಿಗಾಳಿ ಕ್ರಿಯಾಯೋಜನೆ ಜಾರಿಗೆ ತಂದಿತು.
---

ಬೆಟ್ಟದಾಚೆಯ ಮಳೆ ಪುಸ್ತಕ

ಕೊಡಗಿನ ದಕ್ಷಿಣದ ಗಡಿ ದಾಟಿದರೆ ವಯನಾಡು. ಅಲ್ಲೂ ಕಾಫಿ, ಅಲ್ಲೂ ತೋಟದ ಮಳೆಮಾಪಕಗಳು. ಒಂದೇ ವ್ಯತ್ಯಾಸ: ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಜಿಲ್ಲೆಯ ಸುಮಾರು 200 ಕಡೆಗಳಿಂದ ರೈತರು, ತೋಟದವರು ಅಳೆದ ಮಳೆಯನ್ನು ದಿನವೂ ಒಂದೆಡೆ ಸೇರಿಸಿ ನಕ್ಷೆ ಮಾಡುತ್ತದೆ.

2024ರ ಜುಲೈ 29ರ ಬೆಳಗ್ಗೆ ಪುತ್ತುಮಲದ ಮಾಪಕದಲ್ಲಿ 200 ಮಿಲಿಮೀಟರ್ ಬಂತು, ಎಂಟು ಇಂಚು. ಸಂಸ್ಥೆ ಜಿಲ್ಲಾಡಳಿತಕ್ಕೆ ಎಚ್ಚರಿಕೆ ಕೊಟ್ಟಿತು. ಮುಂದಿನ 24 ಗಂಟೆಯಲ್ಲಿ ಇನ್ನೂ 372 ಮಿಲಿಮೀಟರ್ ಸುರಿಯಿತು, ಹದಿನಾಲ್ಕೂವರೆ ಇಂಚಿನ ಮೇಲೆ. ಜುಲೈ 30ರ ನಸುಕಿಗೆ ಮುಂಡಕೈ, ಚೂರಲ್‌ಮಲದ ಮೇಲಿನ ಬೆಟ್ಟ ಇಳಿಯಿತು. 250ಕ್ಕೂ ಹೆಚ್ಚು ಜನ ಸತ್ತರು. ಆ ದಿನದ ಮಳೆಯ ಬಿರುಸು ಹವಾಮಾನ ಬದಲಾವಣೆಯಿಂದ ಶೇ 10ರಷ್ಟು ಹೆಚ್ಚಿತ್ತೆಂದು ವಿಜ್ಞಾನಿಗಳ ಅಂತರರಾಷ್ಟ್ರೀಯ ತಂಡವೊಂದು ಆಮೇಲೆ ಅಂದಾಜು ಮಾಡಿತು.

ಮುಂಡಕೈಯಲ್ಲಿ 1984ರಲ್ಲೂ ಬೆಟ್ಟ ಜರಿದಿತ್ತು. ಪಕ್ಕದ ಪುತ್ತುಮಲದಲ್ಲಿ 2019ರಲ್ಲಿ ಜರಿದಿತ್ತು. ಮಾಪಕ ಅಳೆದದ್ದು ಸರಿಯಾಗಿಯೇ ಇತ್ತು, ಎಚ್ಚರಿಕೆಯ ಮಾತೂ ಹೊರಟಿತ್ತು. ಆ ಮಾತಿಗೂ ಮಲಗಿದವರ ಬಾಗಿಲಿಗೂ ನಡುವಿನ ದಾರಿಯನ್ನು ಒಡಿಶಾ ಇಪ್ಪತ್ತು ವರ್ಷ ತೆಗೆದುಕೊಂಡು ಕಟ್ಟಿತ್ತು. ಇಲ್ಲಿ ಅದು ಇನ್ನೂ ಕಚ್ಚಾ ರಸ್ತೆ.

ಕೊಡಗಿನಲ್ಲಿ ಅಳೆಯುವ ಕೈಗಳಿಗೆ ಕೊರತೆಯಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಾಪಕಗಳು ಗ್ರಾಮ ಪಂಚಾಯ್ತಿ ಮಟ್ಟದಲ್ಲಿವೆ. ತೋಟದ ಕಪಾಟುಗಳಲ್ಲಿ ತಲೆಮಾರುಗಳ ಲೆಡ್ಜರುಗಳಿವೆ. ದಿನ ಬೆಳಗಾದರೆ ‘ಎಷ್ಟಾಯ್ತು?’ ಎಂದು ಕೇಳುವ ಸಾವಿರಾರು ಬಾಯಿಗಳಿವೆ. ಆ ಅಂಕಿ ಕಣದ ಅಂಚಿನಿಂದ ಕೆಳಗಿಳಿದು ತಗಡಿನ ಮನೆ ಮುಟ್ಟಬೇಕು. ಜೊತೆಗೆ ಒಂದು ಬೀಗದ ಕೈ, ಒಂದು ಹೊತ್ತಿನ ಅನ್ನ, ‘ನಿನ್ನ ಜಾಗ ನಿನ್ನದೇ’ ಎಂಬ ಸಹಿ ಹಾಕಿದ ಒಂದು ಕಾಗದವೂ ಮುಟ್ಟಬೇಕು.

ನಾನು ಆ ತೋಟದಿಂದ ಹೊರಡುವ ಹೊತ್ತಿಗೆ ಎಂಟು ಗಂಟೆ. ಹಾಜರಿಗೆ ಜನ ಬರತೊಡಗಿದ್ದರು. ಹಿಂದೆಲ್ಲ ಮಳೆಗೆ ಗೊರಬೆ ಹಾಕುತ್ತಿದ್ದರು, ಈಗ ಪ್ಲಾಸ್ಟಿಕ್ಕಿನ ಕೊಪ್ಪೆ. ಪೈಸಾರಿಯ ಆ ಮನೆಯಾಕೆ ಮೆಟ್ಟಿಲ ಬಳಿ ನಿಂತು ಕೇಳಿದರು, ‘ರೈಟ್ರೇ, ಎಷ್ಟಾಯ್ತು?’

‘ನಾಲ್ಕು ಮೂವತ್ತು. ನಿನ್ನೆ ಮೂರೂವರೆ.’

ಆಕೆ ತಿರುಗಿ ಬರೆಯ ಕಡೆ ನೋಡಿದರು. ಮೋಡ ಮತ್ತೆ ಕೆಳಗಿಳಿದು ಮನೆಗಳ ಮಾಡು ಕಾಣುತ್ತಿರಲಿಲ್ಲ. ಯಜಮಾನರು ಜಗಲಿಯಿಂದ ಎದ್ದು ಬಂದು, ಕಾಫಿ ಮಾರಿ ಖಾಲಿಯಾಗಿದ್ದ ಗೋದಾಮಿನ ಬೀಗದ ಕೈಯನ್ನು ರೈಟರ ಕೈಗಿಟ್ಟರು. ರಾತ್ರಿಗೆ ಎಲ್ಲರೂ ಇಲ್ಲೇ ಬಂದು ಮಲಗಲಿ, ಅತ್ತೆಯನ್ನು ಈಗಲೇ ಕರೆತರಲಿ ಎಂದರು.

ಆಕೆ ಕೀಲಿಯನ್ನು ನೋಡಿದರು, ಯಜಮಾನರನ್ನು ನೋಡಿದರು.

‘ಕೋಳಿ ತರಬಹುದಾ?’

‘ತನ್ನಿ.’

ಸೊಂಟಕ್ಕೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಕವರಿನಿಂದ ಫೋನು ತೆಗೆದು ಆಕೆ ಮಗಳಿಗೆ ಕರೆ ಮಾಡತೊಡಗಿದರು. ಮಳೆ ಮತ್ತೆ ಶುರುವಾಗಿತ್ತು.